ತಿರುಗಿ ನೋಡುವ ಹಕ್ಕಿ

ಪ್ರೀತಿಯ ನಿಕಾಸಿಯೊ,

ಈ ಕಥೆಯನ್ನು ಮೊದಲು ಹೇಳಿದವನು ನಿನ್ನ ಚಿಕ್ಕಪ್ಪ ಮೆಲಿತೋನ್. ಸತ್ತವರ ಹಬ್ಬದ ಎರಡನೆಯ ದಿನ, ಸಮಾಧಿಗಳ ನಡುವೆ ಕಂಬಳಿ ಹಾಸಿಕೊಂಡು ಊರಿಗೆ ಊರೇ ಬೇಯಿಸಿದ ಆಲೂಗಡ್ಡೆ ತಿನ್ನುತ್ತ ಕೂತಿದ್ದಾಗ ಹೇಳಿದ. ಅವನ ಬಾಯಿ ನಿನಗೆ ಗೊತ್ತಲ್ಲ. ಅವನ ದೋಣಿಯಲ್ಲಿ ಹಿಡಿಸದ್ದೆಲ್ಲ ಅವನ ಕಥೆಯಲ್ಲಿ ಹಿಡಿಸುತ್ತದೆ. ಅವನು ಹೇಳಿದ್ದರಲ್ಲಿ ಸರೋವರ ಎದ್ದು ನಿಂತಿತ್ತು, ನಾಯಿಗಳು ಮನುಷ್ಯರ ಹಾಗೆ ಅತ್ತಿದ್ದವು. ಅಂಥದ್ದೇನೂ ಆಗಲಿಲ್ಲ. ಅವತ್ತು ಗಾಳಿ ಕೂಡ ಇರಲಿಲ್ಲ. ಆದದ್ದು ಆದ ಹಾಗೆಯೇ ನಿನಗೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ಇದು ನಿನಗೆ ಮೇಜು ಹಾಕುವ ಮೂರನೆಯ ವರ್ಷ, ಕೊನೆಯ ವರ್ಷ. ಮೂರು ವರ್ಷ ಸತ್ತವರು ಹಬ್ಬದ ಮಧ್ಯಾಹ್ನ ಮನೆಗೆ ಬಂದು, ಉಂಡು, ಮಾರನೆಯ ಮಧ್ಯಾಹ್ನ ಹೊರಡುತ್ತಾರೆ. ಮೂರನೆಯ ಸಲ ಕಳಿಸಿಕೊಟ್ಟ ಮೇಲೆ ಮುಗಿಯಿತು, ಮತ್ತೆ ಕರೆಯುವ ಹಾಗಿಲ್ಲ. ಆದರೆ ನಿನ್ನಮ್ಮ ಒಂದು ಸಲವೂ ನಿನ್ನನ್ನು ಕಳಿಸಿರಲಿಲ್ಲ. ಆ ಆಗಸ್ಟಿನ ಗಾಳಿಯಲ್ಲಿ ನಿನ್ನ ದೋಣಿ ಜೊಂಡಿನ ನಡುವೆ ಮಗುಚಿ ಸಿಕ್ಕಿತು, ನೀನು ಸಿಗಲಿಲ್ಲ. ಗುಂಡಿಯಲ್ಲಿ ನಿನ್ನ ಕಂಬಳಿ ಇಟ್ಟು ಮಣ್ಣು ಮುಚ್ಚಿದೆವು. ಮೊದಲೆರಡು ವರ್ಷ ಎಲ್ಲರೂ ತಮ್ಮವರನ್ನು ಸಮಾಧಿಯವರೆಗೆ ಬಿಟ್ಟು ಬರಲು ಹೋದರೆ, ನಿನ್ನಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. “ಬಂದೇ ಇಲ್ಲದವನನ್ನ ಎಲ್ಲಿಂದ ಕಳಿಸ್ಲಿ?” ಅನ್ನುತ್ತಿದ್ದಳು. ಈ ಸಲವೂ ಕಳಿಸದಿದ್ದರೆ ಅವನು ಅಲ್ಲಿಯವನೂ ಅಲ್ಲ, ಇಲ್ಲಿಯವನೂ ಅಲ್ಲ, ನೀರಿನ ಮೇಲೆಯೇ ಅಲೆಯುತ್ತಾನೆ ಅಂತ ಹಿರಿಯರು ಅವಳಿಗೆ ಹೇಳಿ ಹೇಳಿ ಸೋತಿದ್ದರು.

ನಾನೂ ಅದೇ ನೀರಿನ ಮೇಲಿದ್ದೆ ನಿಕಾಸಿಯೊ. ಚರ್ಚಿನ ಮದುವೆಗೆ ಮೊದಲೇ ನಮ್ಮಲ್ಲಿ ಎಲ್ಲರೂ ಬರುವ ಹಾಗೆ ನಿನ್ನ ಮನೆಗೆ ಸೊಸೆಯಾಗಿ ಬಂದವಳು. ಮದುವೆಗೆಂದು ನೀನು ಹೆಣೆಯುತ್ತಿದ್ದ ಕೆಂಪು ಟೋಪಿ ಅರ್ಧಕ್ಕೇ ಸೂಜಿಗಳ ಮೇಲೆ ನಿಂತು ಬುಟ್ಟಿಯಲ್ಲಿ ಕೂತಿದೆ. ಟೋಪಿ ಹೆಣೆಯುವುದು ಗಂಡಸರ ಕೆಲಸ, ಅದಕ್ಕೆ ಹೆಂಗಸು ಕೈ ಹಚ್ಚುವ ಹಾಗಿಲ್ಲವಲ್ಲ. ಅತ್ತೆ ಭಾನುವಾರಕ್ಕೊಮ್ಮೆ ಅದರ ದೂಳು ಊದುತ್ತಾಳೆ, ಅಷ್ಟೇ. “ಯಾರಿಗೋಸ್ಕರ ಇನ್ನೂ ಅಲ್ಲಿದ್ದೀಯ?” ಅಂತ ನಮ್ಮಮ್ಮ ಹೇಳಿಕಳಿಸುತ್ತಾಳೆ. ನಿನ್ನಮ್ಮ ನಿನ್ನನ್ನು ಬಿಡದೆ ನಾನು ಆ ಹೊಸಿಲು ದಾಟುವುದು ಹೇಗೆ?

ಹಬ್ಬದ ದಿನವೇ, ನಮ್ಮ ದ್ವೀಪ ನೋಡಲು ಬರುವ ಪ್ರವಾಸಿ ಗುಂಪಿನ ಊಟದ ಸರದಿ ನಮ್ಮ ಮನೆಗೆ ಬಂತು. ಬೇಡ ಅಂದರೆ ಸರದಿ ಪಕ್ಕದ ಮನೆಗೆ ಹೋಗುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊರ ಮುಖ್ಯಸ್ಥನೇ ಬಂದು ಬಿಟ್ಟುಕೊಡು ಅಂದ. ಅತ್ತೆ ಹಿಟ್ಟಿನ ಕೈಯಲ್ಲೇ ಅವನಿಗೆ ಬೈದಳು: “ಬಂದವರನ್ನ ಬಾಗಿಲಿಂದ ತಿರುಗಿಸೋಕೆ ಈ ದಿನಾನೇ ಸಿಕ್ಕಿತಾ ನಿನಗೆ?” ಅದೂ ಸರಿಯೇ. ಆ ದಿನ ಯಾರು ಬಂದರೂ ಸತ್ತವರ ಹೆಸರಲ್ಲಿ ಉಣಿಸಬೇಕು.

ಒಳಕೋಣೆಯಲ್ಲಿ ನಿನ್ನ ಮೇಜು ಸಿದ್ಧವಾಯಿತು. ಕಬ್ಬಿನ ಕಮಾನು ಕಟ್ಟಿದೆವು. ದಾರಿಗೆ ರೊಟ್ಟಿಯ ಕುದುರೆ, ಹತ್ತಲು ರೊಟ್ಟಿಯ ಏಣಿ, ಬಾಯಾರಿದರೆ ನೀರಿರಲಿ ಅಂತ ಉದ್ದ ಕಾಂಡದ ಈರುಳ್ಳಿ. ನಿನಗಿಷ್ಟದ ಮೀನು ಸುಟ್ಟು ಇಟ್ಟೆ. ಹೊರಗೆ ಅಂಗಳದಲ್ಲಿ ಗುಂಪಿಗೆ ಬೆಂಚು ಹಾಕಿದೆ.

ಬಂದರು. ಗೈಡ್ ರುಪೆರ್ತೊ ಮುಂದೆ, ಅದೇ ಹಳದಿ ಬಾವುಟ, ಅದೇ ಮಾತು: “ಫೋಟೊಗೆ ಹತ್ತು ನಿಮಿಷ, ಊಟಕ್ಕೆ ಅರ್ಧ ಗಂಟೆ, ಆಮೇಲೆ ದೋಣಿ.” ಹಿಂದೆ ಅವರೆಲ್ಲ, ಕೊರಳಿಗೆ ಒಂದೇ ಬಣ್ಣದ ಪಟ್ಟಿ ಹಾಕಿಕೊಂಡು, ದೋಣಿಕಟ್ಟೆಯಿಂದ ಮೆಟ್ಟಿಲು ಹತ್ತಿ ಉಸಿರು ಸಿಕ್ಕದೆ ಮೀನಿನ ಹಾಗೆ ಬಾಯಿ ಬಿಡುತ್ತ. ಸೂಪು ಬಡಿಸುತ್ತಿದ್ದೆ. ಒಬ್ಬ ಮುದುಕ ಮಾತ್ರ ಹಿಂದೆ ಬಿದ್ದಿದ್ದ. ಚರ್ಚಿನ ಗಂಟೆ ಮಧ್ಯಾಹ್ನ ಹೊಡೆಯಿತು. ನಿನ್ನನ್ನು ಎದುರುಗೊಳ್ಳಲು ಅತ್ತೆ ಬಾಗಿಲಿಗೆ ಹೋದಳು. ಅದೇ ಹೊತ್ತಿಗೆ ಆ ಮುದುಕ ಕಲ್ಲಿನ ಕಮಾನಿನಡಿ ತಲೆ ತಗ್ಗಿಸಿ ಅಂಗಳಕ್ಕೆ ಕಾಲಿಟ್ಟ. ಅವನ ತಲೆಯ ಮೇಲೆ ನಿನ್ನ ಟೋಪಿ.

ಟೋಪಿ ಯಾರ ಹತ್ತಿರವಾದರೂ ಇರುತ್ತದೆ. ಆದರೆ ಊರಲ್ಲೆಲ್ಲ ಹಕ್ಕಿಗಳನ್ನು ಒಂದೇ ಕಡೆಗೆ ಮುಖ ಮಾಡಿ ಹೆಣೆದರೆ, ನೀನೊಬ್ಬನೇ ಸಾಲಿನಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ. “ನಿನ್ನ ಹಕ್ಕಿ ಮನೇಲಿ ಏನೋ ಮರೆತು ಬಂದಿದೆ ಕಣೋ,” ಅಂತ ಚಿಕ್ಕಪ್ಪ ಅಣಕಿಸುತ್ತಿದ್ದ. ಆ ಹಕ್ಕಿ ಅಲ್ಲಿತ್ತು.

ಅತ್ತೆ ನೇರ ಅವನ ಹತ್ತಿರ ಹೋದಳು. ಮುದುಕನ ಕೈ ಹಿಡಿದು ಬೆಂಚನ್ನು ದಾಟಿ ಒಳಗೆ ಕರೆದುಕೊಂಡು ಹೋಗಿ ನಿನ್ನ ಮೇಜಿನ ಮುಂದೆ ಕೂರಿಸಿದಳು. ಮೀನಿನ ತಟ್ಟೆಯನ್ನು ಅವನ ಮುಂದೆ ಎಳೆದಳು. ಕೊಟ್ಟದ್ದನ್ನು ಬೇಡ ಅನ್ನಬಾರದು ಅಂತ ರುಪೆರ್ತೊ ಹೇಳಿಕೊಟ್ಟಿದ್ದನೋ ಏನೋ, ಅವನು ಮುಳ್ಳು ತೆಗೆದು ತೆಗೆದು ಪೂರ್ತಿ ಉಂಡ. ಅತ್ತೆ ನಿಂತು ನೋಡಿದಳು. ನಿನ್ನ ತಟ್ಟೆ ಖಾಲಿಯಾದದ್ದನ್ನು ಅವಳು ನೋಡಿ ವರ್ಷಗಳೇ ಆಗಿದ್ದವು.

ಉಂಡಾದ ಮೇಲೆ ಟೋಪಿ ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಅವನ ಹೆಸರು ಓಸ್ವಾಲ್ದೊ, ಅರ್ಜೆಂಟೀನಾದವನು. ಹಿಂದೊಮ್ಮೆ ಹೆಂಡತಿ ದೆಲಿಯಾಳ ಜೊತೆ ಇದೇ ಪ್ರವಾಸಕ್ಕೆ ಬಂದಿದ್ದನಂತೆ. “ದೋಣಿ ಹುಡುಗ ಕಾಲಲ್ಲಿ ಚುಕ್ಕಾಣಿ ಹಿಡ್ಕೊಂಡು ಕೈಯಲ್ಲಿ ಹೆಣೀತಿದ್ದ. ಇದೇ ಬೇಕು ಅಂದ್ಲು ನಮ್ಮವಳು. ದಡ ಮುಟ್ಟೋದ್ರೊಳಗೆ ಮುಗಿಸಿ ಕೊಟ್ಟ.” ಟೋಪಿಯ ತುದಿ ಬಿಳಿ. ಅಂದರೆ ಮದುವೆಯಾಗದವನದು. ಅದನ್ನು ಹಾಕಿಕೊಂಡು ಇವನು ಊರೊಳಗೆ ಬಂದಾಗ ಹೆಂಗಸರು ಬಿಟ್ಟಾರೆಯೇ? “ಏನು ತಾತಾ, ಹೆಣ್ಣು ನೋಡೋಕೆ ಬಂದ್ರಾ?” ಅಂದರಂತೆ. ದೆಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳಂತೆ. “ಈಗ ಅವಳಿಲ್ಲ,” ಅಂದ. “ಅದೇ ಬಸ್ಸು, ಅದೇ ಹೋಟೆಲು. ಅವಳು ಎಲ್ಲೆಲ್ಲಿ ನಕ್ಕಳೋ ಅಲ್ಲೆಲ್ಲ ಒಂದು ಸಲ ನಿಂತು ಬರೋಣ ಅಂತ ಬಂದೆ. ಎಲ್ಲಾ ಕಡೆ ಹತ್ತೇ ನಿಮಿಷ ಕೊಡ್ತಾರೆ.”

ಅತ್ತೆಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ನಾನು ನಮ್ಮ ಮಾತಲ್ಲಿ ಹೇಳಿದೆ. ಅವಳು ಕೈ ಚಾಚಿ ಆ ಹಕ್ಕಿಯನ್ನು ಮುಟ್ಟಿದಳು. “ಕೊಡ್ತಾನಾ ಕೇಳು. ನನ್ನ ಮಗನ ಕೈಯಿಂದಾದ ಒಂದು ವಸ್ತು ನೀರಿಂದ ಈಚೆ ಬಂದಿದ್ರೆ ಅದು ಇದೊಂದೇ. ಗುಂಡೀಲಿ ಇಡ್ತೀನಿ.” ಅವನು ಎರಡೂ ಕೈಯಿಂದ ಟೋಪಿಯನ್ನು ಅದುಮಿ ಹಿಡಿದುಕೊಂಡ, ಮಳೆಯಲ್ಲಿ ಮಗು ಹಿಡಿದುಕೊಂಡ ಹಾಗೆ. “ತಪ್ಪು ತಿಳೀಬೇಡಿ ಅಮ್ಮಾ. ಇದನ್ನ ನನ್ನ ತಲೆಗೆ ಹಾಕಿದ್ದು ಅವಳು.” ಅವನ ಕೈ, ಅದರ ಮೇಲೆ ಅತ್ತೆಯ ಕೈ. ಯಾರೂ ಎಳೆಯಲಿಲ್ಲ, ಯಾರೂ ಬಿಡಲಿಲ್ಲ.

ರುಪೆರ್ತೊ ಒಳಗೆ ಇಣುಕಿದ. “ಅಯ್ಯೋ, ಇಲ್ಲಿದ್ದೀರಾ? ದೋಣಿ ಹೊರಡ್ತಾ ಇದೆ.” ನಾಳೆ ಮಧ್ಯಾಹ್ನದವರೆಗೆ ಇವನನ್ನು ಬಿಟ್ಟುಹೋಗು ಅಂತ ಅತ್ತೆ ಕೇಳಿದಳು. ಆತ್ಮ ಒಂದು ರಾತ್ರಿಯಾದರೂ ಮನೆಯಲ್ಲಿ ಮಲಗಬೇಕಲ್ಲ. ರುಪೆರ್ತೊ ಕೆಟ್ಟವನಲ್ಲ. ಅವನೂ ಅವತ್ತು ತನ್ನ ತಂದೆಯ ಮೇಜು ಬಿಟ್ಟು ಬಂದಿದ್ದ. “ಅಮ್ಮಾ, ಇದು ಗುಂಪು ಪ್ರವಾಸ. ಒಬ್ಬರು ಉಳಿದ್ರೆ ಬಸ್ಸು ನಿಲ್ಲುತ್ತೆ, ಬಸ್ಸು ನಿಂತ್ರೆ ರೈಲು ತಪ್ಪುತ್ತೆ, ರೈಲು ತಪ್ಪಿದ್ರೆ ನಾನು ಮನೇಲಿ ಕೂರ್ತೀನಿ.”

ಅತ್ತೆ ಕೈ ತೆಗೆದಳು. ಮೇಜಿನ ಕಡೆ ತಿರುಗಿದಳು. ಆಮೇಲೆ ಕಮಾನಿನಿಂದ ಒಂದು ಕಬ್ಬನ್ನು ಕಿತ್ತಳು. ಕುದುರೆ, ಏಣಿ, ಈರುಳ್ಳಿ ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿದಳು. ಗಂಟನ್ನು ಮುದುಕನ ಬೆನ್ನಿಗೆ ಕಟ್ಟಿ, ಕಬ್ಬನ್ನು ಊರುಗೋಲಾಗಿ ಕೈಗೆ ಕೊಟ್ಟು, ಅವನ ಮುಂದೆ ಮೆಟ್ಟಿಲಿಳಿದಳು. ಗುಂಪಿನ ಹೆಂಗಸೊಬ್ಬಳು ಎಂಥ ಚಂದದ ಉಡುಗೊರೆ ಅಂತ ಫೋಟೊ ತೆಗೆದಳು.

ದೋಣಿಕಟ್ಟೆಯಲ್ಲಿ ಚಿಕ್ಕಪ್ಪ ಹಗ್ಗ ಬಿಚ್ಚುತ್ತಿದ್ದ. ಗಂಟು ಕಂಡು ಹಗ್ಗ ಕೆಳಗಿಟ್ಟ. “ಅತ್ತಿಗೆ, ಕಳಿಸೋದು ನಾಳೆ ಮಧ್ಯಾಹ್ನ. ಒಂದು ದಿನ ಮುಂಚೆ ಯಾರಾದ್ರೂ ಕಳಿಸ್ತಾರಾ?” ಅಂದ. “ಅವನು ಯಾವತ್ತು ಹೇಳಿದ ಹೊತ್ತಿಗೆ ಹೋಗಿದ್ದ?” ಅಂದಳು ಅತ್ತೆ.

ನೀನು ದೋಣಿ ಹತ್ತುವಾಗಲೆಲ್ಲ ಅವಳು “ಹೋಗಿ ಬಾ” ಅನ್ನುತ್ತಿದ್ದಳು. ಆ ಆಗಸ್ಟಿನಲ್ಲೂ ಅಂದಿದ್ದಳು. ಈಗ ಮುದುಕನ ಕೆನ್ನೆ ಸವರಿ “ಹೋಗು” ಅಂದಳು. ಅಷ್ಟೇ. ಅವನಿಗೆ ಅರ್ಥವಾಗಲಿಲ್ಲ, ಥ್ಯಾಂಕ್ಸ್ ಹೇಳಿ ಹತ್ತಿದ. ದೋಣಿ ಹೊರಟಾಗ ಅವನು ನಮಗೆ ಬೆನ್ನು ಮಾಡಿ ಕೂತಿದ್ದ. ಟೋಪಿಯ ಪಕ್ಕದಲ್ಲಿದ್ದ ಆ ಒಂದು ಹಕ್ಕಿ ಮಾತ್ರ ನಮ್ಮನ್ನೇ ನೋಡುತ್ತಿತ್ತು, ಕಣ್ಣಿಗೆ ಕಾಣುವಷ್ಟು ದೂರ.

ಮಾರನೆಯ ದಿನ ಸಮಾಧಿಯ ಹತ್ತಿರ ನಮ್ಮ ಕೈ ಖಾಲಿ. ಎಲ್ಲರೂ ಕೇಳಿದರು. ಆಗಲೇ ಚಿಕ್ಕಪ್ಪ ಆ ಕಥೆ ಹೇಳಿದ್ದು. ಹೇಳಿ ಮುಗಿದ ಮೇಲೆ ಮುದುಕಿ ಯುಲೊಜಿಯಾ, “ನಮ್ಮವರು ಹೆಣೆದ ಟೋಪಿ ಒಂದು ಇನ್ನೂ ಅಂಗಡಿ ಗೋಡೇಲಿ ನೇತಾಡ್ತಿದೆಯಲ್ಲ,” ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

ಮರುದಿನ ಬೆಳಿಗ್ಗೆ, ದೋಣಿ ಬರುವ ಮುಂಚೆ, ಕಥೆ ಕೇಳಿದವರೆಲ್ಲ ಊರಂಗಡಿಗೆ ಹೋದರು. ಸತ್ತ ಗಂಡಸರು ಹೆಣೆದು ಮಾರಲು ಬಿಟ್ಟುಹೋಗಿದ್ದ ಟೋಪಿಗಳನ್ನು ಮೊಳೆಯಿಂದ ಬಿಚ್ಚಿ, ಎದೆಗೆ ಅವಚಿಕೊಂಡು ಮನೆಗೆ ಒಯ್ದರು. ಹೊಸ ಗುಂಪಿನೊಂದಿಗೆ ಬಂದ ರುಪೆರ್ತೊ ಬರೀ ಮೊಳೆಗಳನ್ನು ನೋಡಿ, “ಏನಿದು, ಕಳ್ಳರು ನುಗ್ಗಿದ್ರಾ?” ಅಂದ. “ಹೂಂ, ಮನೆಯವರೇ,” ಅಂದ ಚಿಕ್ಕಪ್ಪ.

ನಾವು ತರಲು ಅಲ್ಲಿ ನಿನ್ನದೊಂದೂ ಉಳಿದಿರಲಿಲ್ಲ. ಅತ್ತೆ ಆ ಬೆಳಿಗ್ಗೆ ಬುಟ್ಟಿಯನ್ನು ನನ್ನ ಮಡಿಲಿಗಿಟ್ಟು ಹೊರಗೆ ಹೋದಳು. ನಾನು ಸೂಜಿ ಎಳೆದು ಕೆಂಪು ಟೋಪಿಯನ್ನು ಬಿಚ್ಚಿದೆ. ನೂಲನ್ನು ತೊಳೆದು, ಕಲ್ಲು ಕಟ್ಟಿ ಒಣಗಲು ತೂಗುಹಾಕಿದ್ದೇನೆ. ಇನ್ನೂ ನೆಟ್ಟಗಾಗಿಲ್ಲ ನಿಕಾಸಿಯೊ, ನಿನ್ನ ಹೆಣಿಗೆಯ ಸುರುಳಿ ಹಾಗೆಯೇ ಇದೆ. ನೆಟ್ಟಗಾದ ದಿನ ನಮ್ಮಮ್ಮನ ಮನೆಗೆ ಹೋಗುತ್ತೇನೆ.

ದಾರಿಯಲ್ಲಿ ನಿನಗೆ ಗಾಳಿ ಸಿಗದಿರಲಿ, ಈರುಳ್ಳಿಯ ನೀರು ಬತ್ತದಿರಲಿ. ತಿರುಗಿ ನೋಡಬೇಡ. ಹೋಗು.

ಇಂತಿ,
ನಿನ್ನ ಮನೆಯಲ್ಲಿ ಇನ್ನು ಸ್ವಲ್ಪ ದಿನ ಇರುವ
ಸತುರ್ನಿನಾ