ನಿಮ್ಮ ಲ್ಯಾಪ್‌ಟಾಪ್‌ಗೆ ಜೀವ ಬಂದಿದೆ

ರೀ,

ಲ್ಯಾಪ್‌ಟಾಪ್ ಆನ್ ಆಗುತ್ತಿದೆ. ಕುಣಿಯಬೇಡಿ, ಮೊದಲು ಇದನ್ನು ಪೂರ್ತಿ ಓದಿ. ರಿಪೇರಿ ಅಂಗಡಿ ತೆಗೆಯುವ ಹೊತ್ತಾಯಿತು, ನಾನು ಹೊರಟೆ.

ಅಡುಗೆಮನೆಯ ಮೇಜಿನ ಮೇಲಿದೆ. ತಳದ ಮುಚ್ಚಳ ಹಾಕಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳಲೇಬೇಡಿ. ಬ್ಯಾಟರಿಯ ತಂತಿಯನ್ನು ನಾನೇ ಬಿಚ್ಚಿಟ್ಟಿದ್ದೇನೆ, ಜಾಣತನ ತೋರಿಸಲು ಹೋಗಿ ಸಿಕ್ಕಿಸಬೇಡಿ. ಅದಕ್ಕೆ ಚಾರ್ಜ್ ಸರಿಯಾಗಿ ಹೋಗುತ್ತದೆಯೇ ಎಂದು ಇನ್ನೂ ನೋಡಿಲ್ಲ. ಈಗ ಚಾರ್ಜರ್ ಅಲ್ಲಾಡಿದರೆ ಎಲ್ಲ ಆರಿಹೋಗುತ್ತದೆ. ಅದಕ್ಕೇ ಆನ್ ಮಾಡಿದ ಕೂಡಲೇ ಶಾಲೆಯ ವೇಳಾಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಮಧ್ಯಾಹ್ನದೊಳಗೆ ಹೆಡ್‌ಮೇಡಂ ಕೈಗೆ ಕೊಟ್ಟುಬಿಡಿ. ಎರಡು ವಾರ ಕೂತು ಮಾಡಿದ್ದು, ಮತ್ತೆ ಮಾಡುವ ಗ್ರಹಚಾರ ಬೇಡ.

ಇನ್ನು ತಪ್ಪಿನ ವಿಷಯ. ಚಾರ್ಜರ್ ಚುಚ್ಚಿದೊಡನೆ ಅದರ ದೀಪ ಆರುತ್ತಿತ್ತಲ್ಲ, ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಇತ್ತು. ಬೋರ್ಡಿಗೆಲ್ಲ ಸ್ಪಿರಿಟ್ ಸವರಿ, ಒಂದೇ ವೋಲ್ಟ್ ಕೊಟ್ಟು ನೋಡಿದೆ. ಶಾರ್ಟ್ ಆದ ಜಾಗ ಬಿಸಿಯಾಗಿ ಮೊದಲು ಒಣಗುತ್ತದೆ. ಒಣಗಿದ್ದು ಚಾರ್ಜರ್ ಪಿನ್ನಿನ ಹಿಂದೆ. ನೀವು ಟೀ ಚೆಲ್ಲಿದ ಕಲೆ ಇರುತ್ತದೆ ಎಂದು ಹುಡುಕಿದೆ, ಒಂದು ಹನಿಯೂ ಇರಲಿಲ್ಲ. ಇದ್ದದ್ದು ಬೆಸುಗೆ ಹಾಕುವಾಗ ಸಿಡಿದ, ಸಾಸಿವೆಗಿಂತ ಚಿಕ್ಕದೊಂದು ಸೋಲ್ಡರ್ ಉಂಡೆ. ಹೋದ ತಿಂಗಳು ಆ ಪಿನ್ ಬದಲಾಯಿಸಿದವಳು ನಾನೇ.

ಮೂರು ದಿನ ನಿಮ್ಮ ಮೇಲೆ ಹಾರಾಡಿದೆ. ನೀವೋ, “ಚೆಲ್ಲಿರಬೇಕು ಕಣೇ, ತಪ್ಪಾಯ್ತು” ಎಂದು ಮಾಡದ ತಪ್ಪನ್ನು ಒಪ್ಪಿಕೊಂಡು ಕೂತಿರಿ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ತಿರುಗಿ ಬೈಯಬಾರದೇ? ಸಂಜೆ ಬೇಗ ಬರುತ್ತೇನೆ. ಬಾಗಿಲು ತೆಗೆದ ಕೂಡಲೇ ಶುರುಮಾಡಿ, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ಹತ್ತು ನಿಮಿಷ ಮಾತ್ರ.