ಅತ್ತೆ ನೋಡಿದ ಪ್ರೊಫೈಲ್

ಮುದ್ದೇಬಿಹಾಳ, ೧೩ ನವೆಂಬರ್ ೨೦೨೫, ಗುರುವಾರ

ನನ್ನ ಬ್ರೌಸರಿನಲ್ಲಿ ಎರಡು ಪ್ರೊಫೈಲ್‌ಗಳಿವೆ. ಒಂದರಲ್ಲಿ ಕಾಲೇಜಿನ ಕೆಲಸ, ಇನ್ನೊಂದರಲ್ಲಿ ವಧೂವರರ ವೆಬ್‌ಸೈಟು. ನನ್ನ ಗಂಡ ಪಾರ್ಥ ತೀರಿಕೊಂಡ ಮೇಲೂ ಅತ್ತೆಯ ಜೊತೆಗೇ ಇದ್ದೇನೆ. ಅವರಿಗೆ ಗೊತ್ತಾಗಬಾರದೆಂದೇ ಎರಡನೆಯದನ್ನು ಬೇರೆ ಇಟ್ಟಿದ್ದೆ. ಇವತ್ತು ಅದನ್ನು ಮುಚ್ಚಲು ಮರೆತೆ. ಅತ್ತೆ ಪ್ರವಚನ ಕೇಳಲು ಲ್ಯಾಪ್‌ಟಾಪ್ ತೆರೆದಿದ್ದರು. ನಾನು ಚಹಾ ತಂದಾಗ ಪರದೆಯ ಮೇಲೆ ನನ್ನ ಫೋಟೊ ಇತ್ತು.

"ಇದು ನೀನ ಏನ, ಗೌತಮಿ?"

"ಹೌದ್ರಿ."

ಅತ್ತೆ ಪರದೆಯತ್ತ ಬಾಗಿ ಫೋಟೊ ನೋಡಿದರು.

"ಇದರಾಗ ಭಾಳ ಸೊರಗಿದಂಗ ಕಾಣ್ತಿ. ಹಸಿರು ಸೀರಿ ಉಟ್ಟಿದ್ದ ಫೋಟೊ ಐತಲ್ಲ, ಅದನ್ನ ಹಾಕು," ಎಂದು ಚಹಾ ತೆಗೆದುಕೊಂಡರು.

ಹಸಿರು ಸೀರೆಯ ಆ ಫೋಟೊದಲ್ಲಿ ನನ್ನ ಪಕ್ಕ ಪಾರ್ಥ ನಿಂತಿದ್ದಾರೆ. ಅದನ್ನು ಹಾಕಬೇಕೆಂದರೆ ಅವರನ್ನು ಕತ್ತರಿಸಬೇಕು. ಅತ್ತೆಗೂ ಅದು ಗೊತ್ತು.