ರಾಮದುರ್ಗದ ಕ್ಲಾರಿನೆಟ್‌ನವನು

ಚಾಚಾ ಅವರಿಗೆ, ನಿಮ್ಮ ಬಸುವಿನ ಸಲಾಮು.

ಬೈಲಹೊಂಗಲದ ನಿಮ್ಮ ಬ್ಯಾಂಡ್ ಕೋಣೆಗೆ ನಾನು ಮೊದಲು ಬಂದ ದಿನ ನೆನಪಿದೆಯೇ? ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ಹೆಸರು ಕೇಳಿದರೂ ನೆಲ ನೋಡುತ್ತಿದ್ದೆ. ನೀವು ನಕ್ಕು, "ಬಾಯಿಲೆ ಮಾತಾಡಬ್ಯಾಡೋ, ಇದರಾಗ ಮಾತಾಡು" ಎಂದು ನಿಮ್ಮ ಕ್ಲಾರಿನೆಟ್ಟನ್ನೇ ಕೊಟ್ಟಿರಿ. ಹಲ್ಲು ಬಿದ್ದ ಮೇಲೆ ನೀವು ಊದುವುದನ್ನು ಬಿಟ್ಟಿದ್ದಿರಿ. ಸವದತ್ತಿಯಿರಲಿ, ಕಿತ್ತೂರಿರಲಿ, ಮದುವೆ ಮೆರವಣಿಗೆಯ ಮುಂದೆ ನಿಂತು ಊದುವಾಗ ನನಗೆ ಯಾರ ಅಂಜಿಕೆಯೂ ಇರುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವ್ವನ ಕಾಲಿಗೆ ಆದ ಹುಣ್ಣು ಮಾಯಲೇ ಇಲ್ಲ. ಸಕ್ಕರೆ ಕಾಯಿಲೆ. ಬೆಳಗಾವಿಯ ಫೌಂಡ್ರಿಯಲ್ಲಿ ನನಗೆ ಕೆಲಸ ಸಿಗುವುದಿತ್ತು. ಸೀಜನ್ನಿನಲ್ಲಿ ಬ್ಯಾಂಡಿನಿಂದ ಬರುವಷ್ಟು ಪಗಾರ ಅಲ್ಲಿರಲಿಲ್ಲ, ಆದರೆ ಇ.ಎಸ್.ಐ. ಕಾರ್ಡು ಸಿಕ್ಕರೆ ಅವ್ವನಿಗೂ ದವಾಖಾನೆ ಪುಕ್ಕಟೆ. ಮದುವೆಗಳು ಎದುರಿಗಿರುವಾಗ ನಿಮಗೆ ಹೇಗೆ ಹೇಳುವುದು? ಎರಡು ದಿನ ಬಾಗಿಲವರೆಗೆ ಬಂದು ತಿರುಗಿ ಹೋದೆ. ಮೂರನೆಯ ದಿನ ನೀವೇ ಕರೆದಿರಿ.

"ಕಳ್ಳ ಬೆಕ್ಕಿನಂಗ ಯಾಕ ಸುತ್ತಾಕ ಹತ್ತಿ? ಏನೈತಿ ಹೇಳು."

ಹೇಳಿದೆ. ಬೈಗುಳಕ್ಕೆ ಕಾದು ನಿಂತೆ.

"ಮೊದಲ ಹೋಗಿ ಕಾರ್ಡ್ ಮಾಡಿಸ್ಕೋ. ಕ್ಲಾರಿನೆಟ್ ರವಿವಾರಕ್ಕೊಮ್ಮೆ ಊದಾಕ ಬರತೈತಿ. ಅವ್ವನ್ನ ರವಿವಾರಕ್ಕೊಮ್ಮೆ ಆರಾಮ ಮಾಡಾಕ ಬರತೈತೇನು?"

"ಬ್ಯಾಂಡಿಗೆ ಯಾರ ಅದಾರ್ರೀ, ಚಾಚಾ?"

"ನೀ ಏನ್ ದೊಡ್ಡ ನವಾಬ? ರಾಮದುರ್ಗದವ ಒಬ್ಬ ಸಿಕ್ಕಾನ. ನಿನಗಿಂತ ಚಲೋ ಊದತಾನ."

ನನಗೆ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಬೆಳಗಾವಿಯ ಬಸ್ಸು ಹತ್ತಿದೆ. ಆ ಸೀಜನ್ನಿನ ರವಿವಾರಗಳೆಲ್ಲ ಅವ್ವನ ಹತ್ತಿರವೇ ಕಳೆದವು, ಬ್ಯಾಂಡ್ ಕೋಣೆಗೆ ಬರಲಾಗಲಿಲ್ಲ.

ಫೌಂಡ್ರಿ ಗೇಟಿನ ಫೋನಿಗೆ ನೀವು ತೀರಿಹೋದ ಸುದ್ದಿ ಬಂದಾಗ ಅವ್ವ ದವಾಖಾನೆಯಲ್ಲಿದ್ದಳು. ಕಾಲು ಉಳಿಯುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳಿರಲಿಲ್ಲ. ಅವಳನ್ನು ಬಿಟ್ಟು ನಿಮ್ಮ ಮಣ್ಣಿಗೆ ಬರಲಾಗಲಿಲ್ಲ. ಮುಂದಿನ ವಾರ ಬಂದು, ಡೋಲು ಬಾರಿಸುವ ಹುಸೇನಣ್ಣನನ್ನು ರಾಮದುರ್ಗದವನೆಲ್ಲಿ ಎಂದು ಕೇಳಿದೆ.

"ಯಾವ ರಾಮದುರ್ಗದವ? ಇಡೀ ಸೀಜನ್ ನಿನ್ನ ಚಾಚಾನ ಊದ್ಯಾರ. ಹಲ್ಲಿನ ಸೆಟ್ ಕಿಸೇದಾಗ ಇಟ್ಕೊಂಡು, ಬರೇ ಒಸಡಿನ ಮ್ಯಾಲ. ರಕ್ತ ಬಂದ್ರ 'ಎಲಿ ಅಡಿಕಿ ಹಾಕ್ಕೊಂಡೇನಿ' ಅಂತಿದ್ರು."

ಪಗಾರ, ಕಾರ್ಡು, ಮನಸ್ಸಿನ ಖುಷಿ ಎಂದು ನಾನು ಮೂರನ್ನೇ ತೂಗುತ್ತಿದ್ದೆ, ಚಾಚಾ. ಆ ತಕ್ಕಡಿಯನ್ನು ನೀವು ಒಸಡಿನಲ್ಲಿ ಕಚ್ಚಿ ಹಿಡಿದಿದ್ದೀರಿ ಎಂದು ನನಗೆ ಹೇಗೆ... ಇಂಥ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು?

ಈಗ ರವಿವಾರದ ಮದುವೆಗಳಿಗೆ ನಾನೇ ಊದುತ್ತೇನೆ. ಕೈಕಾಲು ಆಡುವವರೆಗೂ ಊದುತ್ತೇನೆ.

ನೀವು ಕೇಳದೇ ಹೋದ ಸುದ್ದಿಯೊಂದಿದೆ. ಅವ್ವನ ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಮೊನ್ನೆ ನಿಮ್ಮ ವರ್ಷದ ಫಾತಿಹಾ ಪ್ರಾರ್ಥನೆಗೆ ನಮ್ಮೂರು ನೇಸರಗಿಯಿಂದ ಅವಳನ್ನೂ ಕರೆತಂದಿದ್ದೆ. ಬಸ್ಸಿಳಿದವಳು ಆಟೋ ಬೇಡವೆಂದಳು. ನಿಮ್ಮ ಓಣಿಯವರೆಗೆ ನಿಲ್ಲುತ್ತ, ನಿಲ್ಲುತ್ತ ಬಂದಳು. ಚಾಚಿ ಓಡಿ ಬಂದು ಕೈ ಹಿಡಿಯಲು ಹೋದರು.

"ಬಿಡ್ರಿ ಅಕ್ಕಾರ," ಎಂದಳು ಅವ್ವ. "ಈ ಮನಿಗೆ ನನ್ನ ಕಾಲಲೆ ನಾನ ಬರತೇನಿ."